ಎಡಗೆನ್ನೆಗೆ ಬಿದ್ದ ಬೆಳಕು

ಅವರ ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಬಡಗಿಗಳು ಇಟ್ಟುಕೊಳ್ಳುವಂಥ ದಪ್ಪ ಪೆನ್ಸಿಲ್ ಅಲ್ಲ; ಉಸುಕಿನ ಕಾಗದಕ್ಕೆ ತಿಕ್ಕಿ ತಿಕ್ಕಿ ಸೂಜಿಯಷ್ಟು ಚೂಪು ಮಾಡಿದ್ದು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ, ಮಸೀದಿಯಿಂದ ಹೊರಬಂದು ಚಪ್ಪಲಿ ಹುಡುಕುವಾಗಲೂ ಅದು ಅಲ್ಲೇ. ಎಡಗಣ್ಣು ಮಾತ್ರ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ವರ್ಷಾನುಗಟ್ಟಲೆ ಒಂದೇ ಕಣ್ಣಲ್ಲಿ ಕ್ಯಾಮೆರಾ ನೋಡಿ ಇನ್ನೊಂದಕ್ಕೆ ಪೂರ್ತಿ ತೆರೆಯುವ ಅಭ್ಯಾಸವೇ ತಪ್ಪಿಹೋಗಿತ್ತು. ಎದುರಿಗೆ ಸಿಕ್ಕು "ಹ್ಯಾಂಗ್ ಇದ್ದೀ ಬೇಟಿ?" ಎಂದರೆ, ಕ್ಷೇಮ ಕೇಳುತ್ತಿದ್ದಾರೋ ಅಳತೆ ತೆಗೆಯುತ್ತಿದ್ದಾರೋ ತಿಳಿಯುತ್ತಿರಲಿಲ್ಲ.

ಶಹಾಪುರದಲ್ಲಿ ನಮ್ಮ ಮನೆ ಓಣಿಯ ಈ ತುದಿಗೆ, ಅವರ ತಗಡಿನ ಸ್ಟುಡಿಯೋ ಆ ತುದಿಗೆ. ಊರಿಗೆಲ್ಲ ಅವರು ಫೋಟೋ ಚಾಚಾ. ಅಸಲಿಗೆ ಅವರದು ದರ್ಜಿಗಳ ಮನೆತನ. ಕಾಲುವೆ ಅಗೆಯುವ ಕೆಲಸ ಜೋರಾಗಿದ್ದ ದಿನಗಳಲ್ಲಿ ಸರ್ವೇಗೆ ಬಂದಿದ್ದ ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ, ಇವರು ಹೊಲಿದ ಪ್ಯಾಂಟಿಗೆ ಮೆಚ್ಚಿ ತಮ್ಮ ಹಳೆಯ ಕ್ಯಾಮೆರಾವನ್ನು ಕೈಗಿಟ್ಟು ಹೋದರಂತೆ. ಹೇಗೆ ಬಳಸುವುದು ಎಂದು ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಮೊದಲ ರೀಲಿನಲ್ಲಿ ಚಾಚಾ ಪ್ರತಿ ಫೋಟೋ ತೆಗೆದ ಮೇಲೂ ಕ್ಯಾಮೆರಾದ ಹಿಂದಿನ ಬಾಗಿಲು ತೆಗೆದು ಒಳಗೆ ಇಣುಕಿ ನೋಡಿದ್ದರು. "ಫೋಟೋ ಬಂದದೋ ಇಲ್ಲೋ ನೋಡಬೇಕಲ್ಲ!" ಎಂದು ಆಮೇಲೆ ತಾವೇ ಹೇಳಿಕೊಂಡು ನಗುತ್ತಿದ್ದರು. ಬೆಳಕು ತಾಗಿ ರೀಲು ಪೂರ್ತಿ ಹಾಳಾಗಿತ್ತು.

ಹೀಗೆ ಕೆಡಿಸಿ ಕೆಡಿಸಿ ಕಲಿತವರು ಅವರು. ಸ್ಟುಡಿಯೋದ ಪರದೆಯ ಮೇಲೆ ತಾವೇ ಒಂದು ಕೆರೆ ಬರೆದು, ಅದರಲ್ಲಿ ಹಂಸಗಳನ್ನು ತೇಲಿ ಬಿಟ್ಟಿದ್ದರು. ಹಂಸವನ್ನು ಕಣ್ಣಾರೆ ಕಂಡವರಲ್ಲ. ಕುತ್ತಿಗೆ ಸೀರೆಯ ಬುಟ್ಟಾದ ಹಾಗೆ ಸುತ್ತಿಕೊಂಡಿತ್ತು. ಒಮ್ಮೆ ಬೋನಾಳದ ಕೆರೆಗೆ ಹೋಗಿ ನಿಜವಾದ ಹಕ್ಕಿಗಳನ್ನು ದಿನವಿಡೀ ನೋಡಿ ಬಂದರು. ಮರುದಿನವೇ ಬಣ್ಣದ ಡಬ್ಬಿ ತೆಗೆದು ಹಂಸಗಳ ಕುತ್ತಿಗೆ ಕತ್ತರಿಸಿ ಬಾತುಕೋಳಿ ಮಾಡಿದರು. ಮದುವೆಯ ಜೋಡಿಗಳು ಬಂದು "ಹಂಸ ಎಲ್ಲಿ ಹೋದ್ವು ಚಾಚಾ?" ಎಂದು ಕೇಳಿದರೆ, "ಅವು ಸುಳ್ಳ ಇದ್ವು, ಹಾರಿ ಹೋದ್ವು" ಎನ್ನುತ್ತಿದ್ದರು.

ಯಾರ ಹತ್ತಿರ ಕಲಿತಿರಿ ಎಂದರೆ ಊರ ಗುಡ್ಡದ ಕಡೆ ಕೈ ಮಾಡುವುದು ಅವರ ರೂಢಿ. ನಮ್ಮ ಊರಿನ ಬೆಟ್ಟ ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. "ಅಲ್ಲಿ ಮಲಗ್ಯಾನಲ್ಲ, ಆತನೇ ನಮ್ಮ ಉಸ್ತಾದ" ಎನ್ನುತ್ತಿದ್ದರು. ದಿನಾ ನಸುಕಿನಲ್ಲಿ ನಮಾಜು ಮುಗಿಸಿ, ಸೈಕಲ್ ಹತ್ತಿ ಆ ಬೆಟ್ಟ ಕಾಣುವ ರಸ್ತೆಯ ಮೋರಿಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರು. ಕ್ಯಾಮೆರಾ ಒಯ್ಯುತ್ತಿರಲಿಲ್ಲ. ಬರೀ ನೋಡುವುದು. ಮಧ್ಯಾಹ್ನ ಯಾರಾದರೂ ಫೋಟೋ ತೆಗೆಸಿಕೊಳ್ಳಲು ಬಂದರೆ "ಹೊತ್ತು ಇಳೀಲಿ, ಬರ್ರಿ. ನೆತ್ತಿ ಮ್ಯಾಲ ಸೂರ್ಯಾ ಇದ್ದಾಗ ಯಾರಿಗೂ ಮಾರಿ ಇರಂಗಿಲ್ಲ" ಎಂದು ವಾಪಸು ಕಳಿಸುತ್ತಿದ್ದರು. ಬಂದವರಿಗೆ "ನಗ್ರಿ" ಎಂದು ಎಂದೂ ಹೇಳಿದ್ದಿಲ್ಲ. ಮುದುಕರಿಗೆ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳಲು ಹೇಳುವರು, ಮಕ್ಕಳ ಕೈಗೆ ನಿಂಬೆಹಣ್ಣು ಕೊಡುವರು. ಕೈಗೆ ಕೆಲಸ ಸಿಕ್ಕರೆ ಮುಖ ತನ್ನಷ್ಟಕ್ಕೆ ತಾನು ಬರುತ್ತದೆ ಎಂಬುದು ಅವರ ಲೆಕ್ಕ.

ಕಾಲುವೆಗೆ ನೀರು ಬಿಟ್ಟ ಮೇಲೆ ಅವರಿಗೆ ಎರಡು ಬಗೆಯ ಕೆಲಸ. ಒಂದು, ಕಾಲುವೆ ಆಫೀಸಿನವರಿಗೆ ಕಾಲುವೆಯ ಗೋಡೆಗಳ ಫೋಟೋ. ದುರಸ್ತಿ ಎಲ್ಲಿ ಬೇಕೆಂದು ತೋರಿಸಲು ಬಿರುಕು ಎದ್ದು ಕಾಣಬೇಕಿತ್ತು. ಇನ್ನೊಂದು, ವರನ ಕಡೆಯವರಿಗೆ ಕಳಿಸುವ ಹುಡುಗಿಯರ ಫೋಟೋ. ಇದರಲ್ಲಿ ಮೊಡವೆ, ಮಚ್ಚೆ, ಸಿಡುಬಿನ ಕಲೆ ಯಾವುದೂ ಕಾಣಬಾರದು. ಆ ಕಾಲದಲ್ಲಿ ಎಲ್ಲ ಸ್ಟುಡಿಯೋದವರೂ ಮಾಡುತ್ತಿದ್ದುದೇ ಇದು: ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್‌ನಿಂದ ತುಂಬಿದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗಿ ಬರುತ್ತದೆ. ಚಾಚಾನ ಕೈ ಇದರಲ್ಲಿ ಎಷ್ಟು ಪಳಗಿತ್ತೆಂದರೆ ಯಾದಗಿರಿಯಿಂದಲೂ ಹುಡುಗಿಯರನ್ನು ಕರೆತರುತ್ತಿದ್ದರು. "ಗ್ವಾಡೀದು ತೋರಸ್ತೀನಿ, ಮಂದೀದು ಮುಚ್ತೀನಿ" ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ನನ್ನ ಎಡಗೆನ್ನೆ ಸುಟ್ಟದ್ದು ನಾನು ತೊಟ್ಟಿಲು ಬಿಟ್ಟು ಅಡ್ಡಾಡುವ ವಯಸ್ಸಿನಲ್ಲಿ. ಹೋಳಿಗೆಗೆ ಕುದಿಸಿದ ಬೇಳೆಯ ಕಟ್ಟು ಇಳಿಸಿಟ್ಟಿದ್ದರು, ನಾನು ಪಾತ್ರೆ ಎಳೆದುಕೊಂಡೆ. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಚರ್ಮ ನೆರಿಗೆಗಟ್ಟಿಕೊಂಡಿತು. ಶಾಲೆಯಲ್ಲಿ, ಓಣಿಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ದೊಡ್ಡದಾದದ್ದು ನನಗೆ ಗಂಡು ಹುಡುಕಲು ಶುರು ಮಾಡಿದ ಮೇಲೆ. ಅವ್ವ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಧ್ವನಿ ಇಳಿಸಿ, "ಅಣ್ಣಾರ, ಅದೊಂದು ಅಳಿಸಿಬಿಡ್ರಿ" ಎಂದಳು. ಚಾಚಾ ಅಳಿಸಿದರು. ಫೋಟೋದಲ್ಲಿ ಬಾತುಕೋಳಿಗಳ ಮುಂದೆ ನಿಂತ ಹುಡುಗಿಯ ಕೆನ್ನೆ ಹೊಸ ಸ್ಲೇಟಿನ ಹಾಗೆ ನುಣ್ಣಗಿತ್ತು. ನಾನೂ ಆ ಫೋಟೋವನ್ನು ಕದ್ದು ಕದ್ದು ನೋಡಿದ್ದುಂಟು.

ಆ ಫೋಟೋ ನೋಡಿ ಯಾದಗಿರಿಯಿಂದ ಒಂದು ಮನೆತನದವರು ಬಂದರು. ನಾನು ಚಹಾದ ತಾಟು ಹಿಡಿದು ಬಂದು ಕೂತೆ. ಹುಡುಗನ ಸೋದರತ್ತೆ ಕೈಯಲ್ಲಿ ಫೋಟೋ ಹಿಡಿದಿದ್ದಳು. ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಅದನ್ನು ಉಪ್ಪಿಟ್ಟಿನ ತಟ್ಟೆಯ ಪಕ್ಕ ಮುಖ ಕೆಳಗೆ ಮಾಡಿ ಇಟ್ಟಳು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಉಪ್ಪಿಟ್ಟು ತಿಂದರು, ಕೈ ತೊಳೆದರು, "ಬಸ್ಸಿಗಿ ಹೊತ್ತಾತು" ಎಂದು ಎದ್ದರು. ಹೋಗುವಾಗ ಅವರು ಅಪ್ಪನನ್ನು ನೋಡಿದ ರೀತಿ ಇದೆಯಲ್ಲ, ಅದನ್ನು ನಾನು ಇನ್ನೂ ಮರೆತಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿ ಊರೆಲ್ಲ ಮರ್ಯಾದೆ ಪಡೆದ ಮನುಷ್ಯ, ಆ ಸಂಜೆ ಮೋಸಗಾರನಾಗಿ ಬಾಗಿಲಲ್ಲಿ ನಿಂತಿದ್ದ.

ಇನ್ನು ಯಾರ ಮುಂದೂ ಕೂರುವುದಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ನಳಕ್ಕೆ ನೀರಿಗೆ ಹೋಗುವಾಗಲೂ ಎಡಗಡೆ ಸೆರಗು ಎಳೆದುಕೊಳ್ಳತೊಡಗಿದೆ. ಹುಟ್ಟಿದಾಗಿನಿಂದ ನನ್ನನ್ನು ಕಂಡ ಓಣಿಯವರಿಗೂ ಮುಖ ತೋರಿಸಲಾಗದ ಹಾಗಾಯಿತು. ಅವ್ವನಿಗೆ ಮದುವೆಯ ಚಿಂತೆಗಿಂತ ಈ ಸೆರಗಿನ ಚಿಂತೆಯೇ ಹೆಚ್ಚಾಯಿತು.

ಸುದ್ದಿ ಚಾಚಾನ ಕಿವಿಗೂ ಬಿತ್ತು. ಬಂದರು. ಕೂಡ್ರಿ ಎಂದರೂ ಕೂಡಲಿಲ್ಲ, ಹೊಸ್ತಿಲ ಹೊರಗೇ ನಿಂತರು.

"ಅಕ್ಕಾರ, ಇದರಾಗ ಹುಡುಗೀದೇನೂ ಇಲ್ಲ. ಅವರು ನಾ ಬರೆದ ಹುಡುಗಿನ್ನ ನೋಡಾಕ ಬಂದಿದ್ರು. ಆಕಿ ಈ ಮನ್ಯಾಗ ಇರಲಿಲ್ಲ."

"ಅಳಿಸ್ರಿ ಅಂತ ನಾನೇ ಹೇಳಿದ್ದಲ್ರಿ ಅಣ್ಣಾರ," ಅವ್ವ ಅಂದಳು.

"ನೀವು ತಾಯಿ, ಹೇಳ್ತೀರಿ. ನಾ ಕೇಳಬಾರದಿತ್ತು. ಇನ್ನೊಂದು ಫೋಟೋ ತೆಗಿತೀನಿ, ಕಳಿಸಿಕೊಡ್ರಿ."

ನಾನು ಒಳಗಿನಿಂದಲೇ ಒಲ್ಲೆ ಎಂದೆ. ಆಮೇಲೂ ಅವರು ಹೋಗುತ್ತ ಬರುತ್ತ ಬಾಗಿಲಲ್ಲಿ ನಿಂತು ಕೇಳುವುದು ಬಿಡಲಿಲ್ಲ. ಕೊನೆಗೆ ಒಂದು ದಿನ ಮಾತು ಬದಲಿಸಿದರು. "ಫೋಟೋ ಬ್ಯಾಡ ಬಿಡು ಬೇಟಿ. ಗುಡ್ಡ ನೋಡಾಕ ಬಾ. ನಿಮ್ಮ ಅವ್ವನ್ನೂ ಕರ್ಕೊಂಡು ಬಾ." ಗುಡ್ಡಕ್ಕೆ ಒಲ್ಲೆ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ.

ನಸುಕಿನಲ್ಲಿ ಅವ್ವ, ನಾನು, ಸೈಕಲ್ ತಳ್ಳಿಕೊಂಡು ಅವರು, ಮೂವರೂ ಹೋದೆವು. ಅವತ್ತು ಸೈಕಲ್‌ನ ಹ್ಯಾಂಡಲ್‌ಗೆ ಚೀಲ ತೂಗುತ್ತಿತ್ತು. ನೋಡಿಯೂ ನೋಡದ ಹಾಗಿದ್ದೆ. ಮೋರಿಕಟ್ಟೆಯ ಹತ್ತಿರ ನಿಂತಾಗ ಬೆಟ್ಟ ಕಪ್ಪಗೆ ಒಂದು ರಾಶಿಯಾಗಿ ಬಿದ್ದಿತ್ತು. ಬಿಸಿಲು ಓರೆಯಾಗಿ ತಾಗಿದ ಹಾಗೆ ಹಣೆ ಬೇರೆಯಾಯಿತು, ಮೂಗು ಎದ್ದಿತು, ಅದರ ಕೆಳಗೆ ತುಟಿ ಬಂತು. ದಿನಾ ಕಾಣುವ ಬೆಟ್ಟ. ಹೀಗೆ ನಿಂತು ನೋಡಿದ್ದು ಅದೇ ಮೊದಲು.

"ಆ ತುಟಿ ಏನದ ಹೇಳು?" ಚಾಚಾ ಕೇಳಿದರು.

"ಕಲ್ಲು."

"ಕಲ್ಲಲ್ಲ. ಕಲ್ಲಾಗಿನ ಬಿರುಕು. ಅದನ್ನ ನಾ ಪೆನ್ಸಿಲ್ ತಗೊಂಡು ತುಂಬಿದ್ರ, ಆತ ಎದ್ದು ಎಲ್ಲಿಗಾರ ಹೋಗಿಬಿಡ್ತಾನ."

ಅವ್ವ ಕಿಸಕ್ಕನೆ ನಕ್ಕಳು. ಆ ಮನೆತನದವರು ಬಂದು ಹೋದ ಮೇಲೆ ಅವಳು ನಕ್ಕದ್ದು ಅವತ್ತೇ. ಚಾಚಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. "ತಗೋ. ನಿನ್ನ ಸಿಟ್ಟೆಲ್ಲ ಇದರ ಮ್ಯಾಲ ತಗಿ. ಚೂಪು ಹೋಗೋ ತನಕ ತಿಕ್ಕು."

ನಾನು ಮೋರಿಕಟ್ಟೆಯ ಮೇಲೆ ಕೂತು ಕಲ್ಲಿಗೆ ತಿಕ್ಕಿದೆ. ಮೊದಲು ಮೆಲ್ಲಗೆ, ಆಮೇಲೆ ಆ ಸೋದರತ್ತೆಯ ಮುಖ ನೆನಪಾದ ಹಾಗೆಲ್ಲ ಜೋರಾಗಿ. ಸೆರಗು ಜಾರಿದ್ದು ಗೊತ್ತಾಗಲಿಲ್ಲ. ಬಿಸಿಲು ಎಡಗೆನ್ನೆಗೆ ಬೆಚ್ಚಗೆ ಬಿದ್ದದ್ದು ಮಾತ್ರ ಗೊತ್ತಾಯಿತು. ಕಡ್ಡಿ ಸವೆದು ಮೊಂಡಾದ ಮೇಲೆ ತಲೆ ಎತ್ತಿ, "ಇಷ್ಟು ಸಾಕೇನ್ರಿ?" ಎಂದೆ.

ಕ್ಯಾಮೆರಾ ಕ್ಲಿಕ್ ಎಂದಿತು. "ಸಾಕು," ಎಂದರು ಚಾಚಾ.

ಪ್ರಿಂಟ್ ಬಂದಾಗ ಅವ್ವನ ಮುಖ ಸಣ್ಣದಾಯಿತು. ಕೆನ್ನೆಯ ಒಂದೊಂದು ನೆರಿಗೆಯೂ ಎಣಿಸುವಂತೆ ಕಾಣುತ್ತಿತ್ತು. "ಹಿಂಗ ತೆಗೆದ್ರ ಯಾರ್ ಬರ್ತಾರ?" ಎಂದಳು. "ಬಂದವರು ಈಕಿನ್ನೇ ನೋಡಾಕ ಬರ್ತಾರ," ಎಂದರು ಅಪ್ಪ. ನಾನು ಫೋಟೋವನ್ನು ಒಳಗೊಯ್ದು ನೋಡಿದೆ. ಸಿಟ್ಟಿನ ಹುಬ್ಬು, ಇನ್ನೇನೋ ಕೇಳುವುದಿದೆ ಎಂಬಂತೆ ತೆರೆದ ಬಾಯಿ, ಪಕ್ಕದಲ್ಲಿ ಆ ಕೆನ್ನೆ. ಚೆಂದ ಎನಿಸಲಿಲ್ಲ. ಆದರೆ ಮೈಮೇಲಿನ ಯಾವುದೋ ಭಾರ ಇಳಿದ ಹಾಗಾಯಿತು. ಇದು ನಾನೇ, ಇದಕ್ಕೆ ನಾನು ಉತ್ತರ ಕೊಡಬಲ್ಲೆ ಎನಿಸಿತು.

ಬಹಳ ದಿನ ಯಾರೂ ಬರಲಿಲ್ಲ. ಆಮೇಲೆ ಸುರಪುರದ ಕಡೆಯ ದೇವಾಪುರದಿಂದ ಒಂದು ಮನೆತನದವರು ಬಂದರು. ಹುಡುಗ ಸುರಪುರದ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಜೊತೆಗೆ ಅವನ ಅಜ್ಜಿ. ನಾನು ಚಹಾ ಇಟ್ಟು ಕೂರುವ ಮೊದಲೇ ಮುದುಕಿ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಏನ್ ಬಿದ್ದಿತ್ತವ್ವ ಇದರ ಮ್ಯಾಲ? ಹಾಲೇನು?"

"ಬ್ಯಾಳಿ ಕಟ್ಟು, ಆಯಿ."

"ಅಯ್ಯ, ಕಟ್ಟು ಭಾಳ ಕೆಟ್ಟ. ಎಣ್ಣಿಗಿಂತ ಹೆಚ್ಚು ಸುಡತದ." ಎಂದವಳೇ ತನ್ನ ಬಳೆ ಮೇಲೆ ಸರಿಸಿ ಮುಂಗೈ ತೋರಿಸಿದಳು. ರೊಟ್ಟಿಯ ಹಂಚು ತಾಗಿದ ಉದ್ದನೆಯ ಹಳೆಯ ಕಲೆ. "ಇದು ನನ್ನ ಲಗ್ನದ ವರ್ಷದ್ದು. ನಮ್ಮ ಅತ್ತಿ ಒಂದು ವಾರ ರೊಟ್ಟಿ ಬಡೀಲಿಕ್ಕಿ ಬಿಡಲಿಲ್ಲ, ನನಗ ಅದೇ ಸುಖ ಆತು."

ಎಲ್ಲರೂ ನಕ್ಕರು. ನನಗೆ ನಗು ಬರುವ ಮೊದಲು ಅಳು ಬಂತು. ಕಪ್ಪು ಎತ್ತುವ ನೆಪದಲ್ಲಿ ಒರೆಸಿಕೊಂಡೆ. ಅಪ್ಪ ಮಾತ್ರ ಎದ್ದು ಹೊರಗೆ ಹೋಗಿ ಅಂಗಳದಲ್ಲಿ ಮುಖ ತೊಳೆದುಕೊಂಡು ಬಂದರು. ಆ ಗುಮಾಸ್ತರ ಜೊತೆಗೇ ನನ್ನ ಮದುವೆಯಾಯಿತು. ಎಷ್ಟೋ ದಿನಗಳ ಮೇಲೆ ಅವರೊಮ್ಮೆ ಹೇಳಿದರು: "ಫೋಟೋದಾಗ ನೀ ಏನೋ ಕೇಳಾಕತ್ತಿದ್ದಿ. ಏನಂತ ತಿಳ್ಕೊಳ್ಳಾಕ ಬಂದೆ." ಇಷ್ಟು ಸಾಕೇನ್ರಿ ಎಂದು ಕೇಳುತ್ತಿದ್ದೆ ಎಂದರೆ ಇವತ್ತಿಗೂ ನಂಬುವುದಿಲ್ಲ.

ಆ ಬೆಳಗಿನ ನಂತರ ಚಾಚಾನ ಕಿವಿಯ ಮೇಲೆ ಪೆನ್ಸಿಲ್ ಕಾಣಲಿಲ್ಲ. ಯಾರಾದರೂ ಕಲೆ ಅಳಿಸಿ ಎಂದರೆ "ಪೆನ್ಸಿಲ್ ಕಳದದ" ಎನ್ನುತ್ತಿದ್ದರು. ಕೆಲವರು ಬೇರೆ ಸ್ಟುಡಿಯೋಗೆ ಹೋದರು. ಉಳಿದವರನ್ನು ಅವರು ಮೋರಿಕಟ್ಟೆಗೆ ಕರೆದೊಯ್ದು, ಕಾಲುವೆಯ ಬಿರುಕಿನ ಫೋಟೋ ತೆಗೆಯುವ ಓರೆ ಬೆಳಕಿನಲ್ಲಿಯೇ ಮನುಷ್ಯರನ್ನೂ ತೆಗೆದರು. ಅವರು ಹಾಗೆ ತೆಗೆದ ಫೋಟೋಗಳು ನಮ್ಮ ಕಡೆ ಎಷ್ಟೋ ಮನೆಗಳ ಗೋಡೆಯ ಮೇಲೆ ಇನ್ನೂ ಇವೆ.

ಕೊನೆಯ ಸಲ ನೋಡಿದಾಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನೆಯ ಕಟ್ಟೆಯ ಮೇಲೆ ಕೂತಿದ್ದರು. "ಯಾರು?" ಎಂದರು. ಆಟ ಆಡಿಸೋಣ ಎಂದು ಸುಮ್ಮನಿದ್ದೆ.

"ಬೆಳಕಿನ ಕಡೆ ತಿರುಗು, ನೋಡೋಣ."

ತಿರುಗಿದೆ. ಅರ್ಧ ಮುಚ್ಚಿದ ಆ ಎಡಗಣ್ಣನ್ನೇ ಇನ್ನಷ್ಟು ಕಿರಿದು ಮಾಡಿ, ಮುಖ ಹತ್ತಿರ ತಂದು ನೋಡಿದರು.

"ಹ್ಞಾಂ, ನೀನೇ. ಆ ಪೆನ್ಸಿಲ್ ಎಲ್ಲೈತಿ?"

"ನನ್ನ ಟ್ರಂಕಿನಾಗ ಅದ ಚಾಚಾ."

"ಇರಲಿ. ಯಾರಿಗೂ ಕೊಡಬ್ಯಾಡ."

ಅವರು ತೀರಿಕೊಂಡ ಸುದ್ದಿ ಬಂದಾಗ ಸುರಪುರದಿಂದ ಹೊರಟು ಹೋದೆ. ಅಷ್ಟರಲ್ಲಿ ಮಣ್ಣು ಕೊಟ್ಟು ಬಂದಿದ್ದರು. ಅವರ ಹೆಂಡತಿ ಚಾಚಿಯ ಪಕ್ಕದಲ್ಲಿ ಕೂತು ಅವತ್ತು ಅಲ್ಲಿಯೇ ಉಳಿದೆ. ದುಃಖ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಂಥವರೊಬ್ಬರು ನಮ್ಮ ಓಣಿಯಲ್ಲೇ ಇದ್ದರಲ್ಲ ಎಂಬ ಸಮಾಧಾನವೇ ಹೆಚ್ಚಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ನಿಲ್ದಾಣದ ದಾರಿಯಲ್ಲಿ ನಿಂತು ಗುಡ್ಡ ನೋಡಿದೆ: ಅವರ ಉಸ್ತಾದನಿಗೆ ಆಗತಾನೆ ಮೂಗು ಬಂದಿತ್ತು, ತುಟಿ ಬರುವುದಿತ್ತು. ಬಸ್ಸಿನಲ್ಲಿ ಎಡಗಡೆಯ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಬಿಸಿಲು ನೇರ ಕೆನ್ನೆಗೆ ಬಿತ್ತು. ಎದುರು ಸೀಟಿನಲ್ಲಿ ತಾಯಿಯ ಹೆಗಲ ಮೇಲಿದ್ದ ಒಂದು ಕೂಸು ಕಣ್ಣು ಪಿಳಿಪಿಳಿ ಮಾಡಿ ನನ್ನನ್ನೇ ನೋಡುತ್ತಿತ್ತು. ಸುರಪುರ ಬರುವವರೆಗೂ ನೋಡಿತು. ನಾನು ಸೆರಗು ಎಳೆದುಕೊಳ್ಳಲಿಲ್ಲ.