ನಾಚಿಯಮ್ಮ ನೀರು ಹಾಕಿದ ಗೋಡೆ

ಪೆರಿಯನಾಯಕನಪಾಳ್ಯದ ನಮ್ಮ ಬೀದಿಯಲ್ಲಿ ನಾಚಿಯಮ್ಮನ ಬಗ್ಗೆ ಒಳ್ಳೆಯ ಮಾತಾಡದವರಿಲ್ಲ. ಆಡಲು ನನಗೊಬ್ಬನಿಗೇ ಮುಖವಿಲ್ಲ. ಆದರೂ ಇದನ್ನು ನಾನೇ ಹೇಳಬೇಕು.

ನೂಲಿನ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಕಡಿದ ಎಳೆಗಳಿಗೆ ಗಂಟು ಹಾಕಿದ ಹೆಂಗಸು. ನನ್ನ ಅಮ್ಮನದೂ ಅದೇ ಮಿಲ್ಲು. ಅಮ್ಮನಿಗೆ ಹಗಲು ಶಿಫ್ಟ್ ಬಿದ್ದಾಗ, ಶಾಲೆಯಿಂದ ಬಂದ ನನಗೆ ಅನ್ನ ಹಾಕಿದವರು ಪಕ್ಕದ ಮನೆಯ ಈ ನಾಚಿಯಮ್ಮ. ರಕ್ತಸಂಬಂಧವಿಲ್ಲ, ಆದರೂ ನನಗೆ ಅತ್ತೆ. ಅವರ ಗಂಡ ಗೋವಿಂದಸಾಮಿ ಈಗಿಲ್ಲ.

ಮೊಪೆಡ್ಡು, ಸೌದೆ ಇಡಲು ಹಿತ್ತಲಲ್ಲಿ ಒಂದು ಶೆಡ್ ಕಟ್ಟಲು ಹೊರಟೆ. ಲೇತ್ ವರ್ಕ್‌ಶಾಪಿನವನೆಂಬ ಜಂಬ ಬೇರೆ, ಮೇಸ್ತ್ರಿಯೇ ಬೇಡವೆಂದೆ. ನಮ್ಮ ಜಾಗ ಒಂಬತ್ತಡಿ ಅಗಲ, ಸಿಕ್ಕಿದ ತಗಡಿನ ಶೀಟು ಹತ್ತಡಿ. ದಿನವಿಡೀ ಕಬ್ಬಿಣ ಕತ್ತರಿಸುವ ಈ ಮಹಾಶಯನಿಗೆ ಒಂದಡಿ ತಗಡು ಕತ್ತರಿಸಲು ಮನಸ್ಸು ಬರಲಿಲ್ಲ.

ಅತ್ತೆ ಅನ್ನೂರಿಗೆ, ಮಗಳು ಸೆಲ್ವಿಯ ಮನೆಗೆ ಹೋಗಿದ್ದರು. ಅವರಿಲ್ಲದ ನಾಲ್ಕು ದಿನ ನನ್ನ ಕೆಲಸಕ್ಕೆ ಸಾಕಾಯಿತು. ಎರಡು ಹಿತ್ತಲುಗಳ ನಡುವೆ ಗೋವಿಂದಸಾಮಿ ನೆಟ್ಟಿದ್ದ ಮೂರು ಗಡಿಕಲ್ಲು ಕಿತ್ತೆ. ಅಳತೆಯ ದಾರವನ್ನು ಅತ್ತೆಯ ಕಡೆಗೆ ಒಂದಡಿ ಎಳೆದು ಕಟ್ಟಿ, ಒಂದೂವರೆ ಅಡಿ ಆಳ ತೋಡಿದೆ. ಗುಂಡುಕಲ್ಲುಗಳ ಜೊತೆಗೆ ಆ ಮೂರನ್ನೂ ಅಡಿಪಾಯಕ್ಕೆ ಹಾಕಿ ಕಾಂಕ್ರೀಟ್ ಸುರಿದೆ. ಅದರ ಮೇಲೆ ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿ ಶೀಟು ಹೊದಿಸಿದೆ.

ಅತ್ತೆ ಬಂದವರು ಗೋಡೆಯನ್ನೊಮ್ಮೆ ನೋಡಿದರು. “ಒಬ್ನೇ ಕಟ್ದಿಯಾ ಸಾಮಿ?” ಎಂದು ಒಳಗೆ ಹೋದರು. ಸದ್ಯ, ಗೊತ್ತಾಗಲಿಲ್ಲ ಎಂದುಕೊಂಡೆ.

ಹೊಸ ಗೋಡೆಗೆ ಒಂದು ವಾರವಾದರೂ ನೀರು ಹಾಕಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಹಗಲು ನಾನು ವರ್ಕ್‌ಶಾಪಿಗೆ, ಹೆಂಡತಿ ಗೋಕಿಲಾ ಹೊಲಿಗೆ ಕಂಪನಿಗೆ. ಆದರೂ ಸಂಜೆ ಮುಟ್ಟಿ ನೋಡಿದರೆ ಗೋಡೆ ಒದ್ದೆಯಾಗಿರುತ್ತಿತ್ತು. ಅವಳು ಹಾಕಿದಳೆಂದು ನಾನು, ನಾನು ಹಾಕಿದೆನೆಂದು ಅವಳು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬೇಗ ಮನೆಗೆ ಬಂದೆ. ಅತ್ತೆ ಸೊಂಟದಲ್ಲಿ ಕೊಡವಿಟ್ಟುಕೊಂಡು, ಚೊಂಬಿನಿಂದ ಗೋಡೆಗೆ ನೀರು ಎರಚುತ್ತಿದ್ದರು. ವಾರಕ್ಕೊಮ್ಮೆ ಬರುವ ನಲ್ಲಿಯ ನೀರು, ಅವರು ಹಿಡಿದಿಟ್ಟುಕೊಂಡದ್ದು. ನಾಚಿಕೆಯಿಂದ ನನಗೆ ಅಲ್ಲೇ ಸತ್ತುಹೋಗಬೇಕೆನಿಸಿತು.

“ಅತ್ತೆ, ಈ ಗೋಡೆ ನಿಮ್ ಜಾಗದಲ್ಲಿ ನಿಂತಿದೆ. ಒಂದಡಿ,” ಎಂದೆ.

“ಗೊತ್ತು. ಬಂದ ದಿನವೇ ಕಂಡೆ.”

“ಮತ್ತೆ ನೀರ್ ಯಾಕೆ ಹಾಕ್ತೀರಿ?”

“ಒಣಗಿ ಬಿದ್ರೆ ನನ್ ಪಕ್ಕ ತಾನೆ ಬೀಳೋದು? ಇಲ್ಲೇ ಕೂತು ಪಾತ್ರೆ ತೊಳೀತೀನಿ ನಾನು.”

ಬೈದಿದ್ದರೆ ವಾಸಿಯಿತ್ತು. ನಾನು ಆ ಜಾಗ ಬಿಟ್ಟುಕೊಡಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನನಗೆ ಅನ್ನ ಹಾಕಿ ಬೆಳೆಸಿದವರು ನನ್ನನ್ನು ಅಷ್ಟಕ್ಕೇ ಲೆಕ್ಕ ಹಾಕಿಬಿಟ್ಟಿದ್ದರು.

ಭಾನುವಾರ ಶೀಟು ಇಳಿಸಿ ಹಾರೆ ಹಿಡಿದೆ. ಅತ್ತೆಯ ನೀರು ಕುಡಿದ ಗೋಡೆ, ಅಲುಗಾಡಲಿಲ್ಲ. ಬ್ಲಾಕುಗಳನ್ನು ಬಿಡಿಸುವುದರಲ್ಲೇ ಕತ್ತಲಾಯಿತು. ಮುಂದಿನ ಭಾನುವಾರ ಅಡಿಪಾಯಕ್ಕೆ ಕೈಹಾಕಿದೆ. ಸದ್ದು ಕೇಳಿ ಎದುರುಮನೆಯ ರಾಮಲಿಂಗಂ ಬಂದರು.

“ಏನಪ್ಪಾ ತಿರುಮೂರ್ತಿ, ಹೊಸ ಗೋಡೆ ಯಾಕೆ ಒಡ್ದೆ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪಾತ್ರೆ ಉಜ್ಜುತ್ತಾ, “ಪಾಪ, ಅಳತೆ ತಪ್ಪೋಯ್ತು ಅವನಿಗೆ,” ಎಂದರು.

ಅಷ್ಟರಲ್ಲಿ ಮೊದಲನೆಯ ಗಡಿಕಲ್ಲು ಮೇಲೆ ಬಂದಿತ್ತು, ಮೈಗೆಲ್ಲ ಸಿಮೆಂಟ್ ಮೆತ್ತಿಕೊಂಡು. ಅದನ್ನು ಎತ್ತಿ ರಾಮಲಿಂಗಂ ಕಾಲ ಬಳಿ ಇಟ್ಟೆ.

“ಅಳತೆ ಸರಿಯಾಗೇ ಇತ್ತು ಅಣ್ಣಾ. ಅತ್ತೆ ಊರಲ್ಲಿಲ್ಲದಾಗ ಕಲ್ಲು ಕಿತ್ತು ಹೂತದ್ದು ನಾನೇ.”

ಪಾತ್ರೆಯ ಸದ್ದು ನಿಂತಿತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಎರಡನೆಯ ಕಲ್ಲಿಗೆ ಹಾರೆ ಹಾಕಿದೆ.