ಅಟ್ಟದ ಕೆಳಗಿನ ಹೊಗೆ

ತೋಂಟದಾರ್ಯರಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ತಿಪಟೂರಿನಲ್ಲಿ ಬಸ್ಸು ಹತ್ತಿದರೆ ನೊಣವಿನಕೆರೆ ಬರುವಷ್ಟರಲ್ಲಿ ಡೀಸೆಲ್ ಎಷ್ಟು ಸುಟ್ಟಿತು, ಇನ್ನು ಹತ್ತು ವರ್ಷಕ್ಕೆ ಎಷ್ಟು ಸುಡುತ್ತದೆ ಎಂದು ಟಿಕೆಟ್ಟಿನ ಹಿಂಬದಿ ತುಂಬಿಸಿರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಲೋಕವೆಲ್ಲ ಕಂಗಾಲಾಯಿತು. ಮೈಸೂರಿನಲ್ಲಿ ಅರ್ಥಶಾಸ್ತ್ರದ ಮೇಷ್ಟರಾಗಿದ್ದ ಇವರಿಗೆ ಮಾತ್ರ ಕಸುಬು ಸಿಕ್ಕಿತು. ಮುಂದೆ ಯಾವ ಮನೆಯಲ್ಲಿ ಏನು ಉರಿಯುತ್ತದೆ ಎಂದು ಮುಂಚೆಯೇ ಹೇಳುವ ಕಸುಬು. ತಪ್ಪಾದರೂ ಗೊತ್ತಾಗುವುದು ಹತ್ತು ವರ್ಷದ ಮೇಲೆ. ಪತ್ರಿಕೆಗೆ ಬರೆಯುವ ನಮ್ಮಂಥವರಿಗೆ ಈ ಸುಖವಿಲ್ಲ, ನಮ್ಮ ತಪ್ಪು ಭಾನುವಾರವೇ ಅಚ್ಚಾಗಿಬಿಡುತ್ತದೆ.

ಎಂಬತ್ತೆರಡರಲ್ಲಿ ಪ್ರೊಫೆಸರ್ ಹುದ್ದೆ ಖಾಲಿಯಾಯಿತು. ಗೋಬರ್ ಗ್ಯಾಸ್ ಬಂದ ಮನೆಯಲ್ಲಿ ಒಲೆ ಉರಿಯುವುದು ನಿಂತೇಹೋಗುತ್ತದೆ ಎಂಬುದು ತೋಂಟದಾರ್ಯರ ಹೊಸ ಪ್ರಬಂಧ. ಆಧಾರಕ್ಕೆ ಮೊದಲ ಮನೆ ಊರಿನಲ್ಲಿದ್ದ ಅವರದೇ ಮನೆ. ಹುದ್ದೆ ಕೊಡುವ ಮೊದಲು ಅದನ್ನು ಕಣ್ಣಾರೆ ನೋಡಲು ಇಬ್ಬರು ತಜ್ಞರು ಬರುವವರಿದ್ದರು.

ಹಿಂದಿನ ದಿನ ಇವರು ಬಂದು ನೋಡಿದರೆ ಹೆಂಚಿನ ಸಂದಿಯಲ್ಲಿ ಹೊಗೆ. ಒಳಗೆ ತಾಯಿ ಗುರುಸಿದ್ದಮ್ಮ ಗ್ಯಾಸಿನ ಮೇಲೆ ಸಾರು ಕುದಿಸುತ್ತಿದ್ದಾರೆ; ಪಕ್ಕದ ಹಳೇ ಒಲೆಯ ಮೇಲೆ ಪಾತ್ರೆಯೇ ಇಲ್ಲ, ತೆಂಗಿನ ಮಟ್ಟೆ ಮೆಲ್ಲಗೆ ಹೊಗೆಯಾಡುತ್ತಿದೆ.

"ಇದ್ಯಾಕವ್ವ?"

"ಅಟ್ಟದಾಗೆ ಕಾಯಿ ಅವೆ ಕಣಪ್ಪ. ಈ ಮಳೇಲಿ ಹೊಗೆ ಇಲ್ದೆ ಕೊಬ್ಬರಿ ಆಗ್ತದಾ? ಬೂಸಲು ಹಿಡೀತದೆ."

ಅದೇ ಅಟ್ಟದ ಕೆಳಗೆ ಹುಟ್ಟಿ, ಅದೇ ಹೊಗೆಯಲ್ಲಿ ಕೆಮ್ಮುತ್ತ ಎಸ್ಸೆಸ್ಸೆಲ್ಸಿ ಓದಿದವರು, ಅನ್ನ ಬೇಯಿಸುವ ಬೆಂಕಿಯನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಗ್ಯಾಸ್ ಬಂದ ಮೇಲೆ ಮನೆಯಲ್ಲಿ ಬೆಂಕಿ ಎರಡಾಗಿತ್ತು. ಅಂಗಳಕ್ಕೂ ಅಡುಗೆಮನೆಗೂ ತಿರುಗಿ ತಿರುಗಿ, ಕೊನೆಗೆ, ನಾಳೆ ಒಂದು ದಿನ ಒಲೆ ಆರಿಸಬಹುದೇ ಎಂದು ಕೇಳಿದರು.

"ಆರಿಸ್ತೀನಿ ಬುಡು. ಬಂದೋರು ಹೋದ್ಮೇಲೆ ಹಚ್ಚಿದ್ರಾಯ್ತು. ನಿನ್ನ ಲೆಕ್ಕಕ್ಕೇನು, ಕಣ್ಣಾ ಮೂಗಾ?"

ಆ ಮಾತು ಅವರನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ಬೆಳಿಗ್ಗೆ ತಾಯಿ ನೀರಿನ ಚೆಂಬು ಹಿಡಿದು ಒಲೆಯ ಮುಂದೆ ಬಂದಾಗ, ಅಡ್ಡ ಹೋಗಿ ತಾವೇ ಇನ್ನೊಂದು ಮಟ್ಟೆ ತುರುಕಿದರು. ಒಳಗೆ ಬಂದ ತಜ್ಞರು ಕಣ್ಣೊರೆಸಿಕೊಳ್ಳುತ್ತ ಇದೇನೆಂದು ಕೇಳಿದರು. ಇವರು ಅಟ್ಟ ತೋರಿಸಿ, ನನ್ನ ಪ್ರಬಂಧದಲ್ಲಿ ಇದು ಬಿಟ್ಟುಹೋಗಿದೆ ಎಂದರು.

ಹುದ್ದೆ ಇನ್ನೊಬ್ಬರಿಗೆ ಹೋಯಿತು. ಇವರ ಪಾಲಿಗೆ ಬಂದದ್ದು ಎಂಬತ್ತಾರರಲ್ಲಿ, ಅಟ್ಟದ ಹೊಗೆಯನ್ನೂ ಕೂಡಿಸಿ ಎಲ್ಲವನ್ನೂ ಮತ್ತೆ ಬರೆದ ಮೇಲೆ.

ಪ್ರೊಫೆಸರ್ ಆದ ಮೇಲೂ ಊರಿಗೆ ಬಂದರೆ ಚಪ್ಪಲಿ ಬಿಟ್ಟವರೇ ಏಣಿ ಹತ್ತಿ, ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವರು. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎನ್ನಬೇಕು.

"ಗಳಿಗೆಗೊಂದ್ಸಲ ಅಲ್ಲಾಡಿಸಿದ್ರೆ ಬೇಗ ಒಣಗ್ತದೇನ್ಲಾ?" ಎಂದು ಗುರುಸಿದ್ದಮ್ಮ ಕೆಳಗಿನಿಂದ ಕೇಳುವರು.

ಇಲ್ಲವೆಂದು ಒಪ್ಪಿ, ಅದನ್ನಿಟ್ಟು, ಪಕ್ಕದ್ದನ್ನು ಎತ್ತಿಕೊಳ್ಳುವರು.