ಅಂಚಿನಲ್ಲಿ ಏನಿರುತ್ತೆ

ಇಟಲಿಯ ಮಾರ್ಕೆ ಗುಡ್ಡಗಳಲ್ಲಿ ಎಜಿಸ್ಟೋನ ಕಣ್ಣು ತಪ್ಪಿಸಿ ಸೂರ್ಯ ಹುಟ್ಟಿದ್ದೇ ಇಲ್ಲ. ಬಸ್ಸು ಓಡಿಸಿ ನಿವೃತ್ತನಾದ ಈ ಫೋಟೋ ಹುಚ್ಚಿನ ಮನುಷ್ಯ ಪ್ರಾಯದಲ್ಲಿ ಸಂತೆಯಿಂದ ಅಗ್ಗಕ್ಕೆ ತಂದ ಕ್ಯಾಮೆರಾ ಲೆನ್ಸಿನ ಹೆಸರು ಯಾರಿಗೂ ಕಾಣದಂತೆ ಅದಕ್ಕೆ ಕಪ್ಪು ಟೇಪು ಸುತ್ತಿದ್ದಾನೆ. ಅದರಲ್ಲಿ ತೆಗೆದ ಚಿತ್ರಕ್ಕೆ ನಡುಭಾಗ ಚೊಕ್ಕ, ಅಂಚು ಮಬ್ಬು. ಊರಿನ ಕಾಫಿ ಬಾರಿನಲ್ಲಿ ಯಾರಾದರೂ ಆಡಿಕೊಂಡರೆ, "ಅಂಚಲ್ಲಿ ಏನಿರುತ್ತೆ ಬಿಡ್ರೋ!" ಎಂದು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುತ್ತಾನೆ. ಅವನ ಚಿತ್ರದಲ್ಲಿ ಗೋಧಿಹೊಲ, ಒಂಟಿ ಮರ, ಮಂಜು ಇರಬೇಕು, ನರಪಿಳ್ಳೆ ಇರಕೂಡದು. ಹೊಲ ಉಳುತ್ತಿದ್ದ ರೈತ ನಜ್ಜರೇನೋಗೆ, "ಆ ಟ್ರ್ಯಾಕ್ಟರ್ ಆಚೆ ತಗೊಂಡ್ ಹೋಗೋ, ಬೆಳಕು ಹೋಗ್ತಿದೆ!" ಎಂದು ಕೂಗಿ, "ಹೊಲ ನಂದೋ ನಿಂದೋ?" ಎಂದು ಬೈಸಿಕೊಂಡದ್ದೂ ಉಂಟು. ಬುತ್ತಿ ಹೊತ್ತು ಜೊತೆಗೆ ಬರುವ ಹೆಂಡತಿ ಒಂಡಿನಾಳಿಗಂತೂ ಮದುವೆಯಾದಂದಿನಿಂದ ಅವನದು ಒಂದೇ ಮಾತು: "ಸ್ವಲ್ಪ ಪಕ್ಕಕ್ಕೆ ಸರಿ." ಆ ಕಡೆ ಗೋರಿಕಲ್ಲಿನ ಮೇಲೆ ಸತ್ತವರ ಫೋಟೋ ಕೂರಿಸುತ್ತಾರೆ, ವಯಸ್ಸಾದವರು ಅದನ್ನು ತಾವೇ ಮೊದಲೇ ಆರಿಸಿಡುವುದುಂಟು. ಮೊನ್ನೆ ಒಂಡಿನಾ, "ನನ್ ಗೋರಿಗೆ ನೀನು ತೆಗೆದದ್ದೇ ಒಂದು ಇರ್ಲಿ, ಈಗ್ಲೇ ಹುಡುಕಿಡು" ಅಂದಳು. ಪೆಟ್ಟಿಗೆಗಟ್ಟಲೆ ಚಿತ್ರ ಜಾಲಾಡಿದರೆ ಅವಳಿದ್ದದ್ದು ಒಂದರಲ್ಲಿ, ಅದೂ ತುದಿಯಲ್ಲಿ, ಕರಗಿದ ಮೇಣದಂಥ ಮುಖ. "ಇರ್ಲಿ ಬಿಡು ಮಹಾರಾಯ, ಅಂಚಲ್ಲಿ ಏನಿರುತ್ತೆ!" ಎಂದು ಅವಳು ನಕ್ಕಳು. ಎಜಿಸ್ಟೋ ತಲೆ ಎತ್ತಲಾರದೆ, ಕೊಳೆಯೇ ಇಲ್ಲದ ಲೆನ್ಸನ್ನು ಒರೆಸುತ್ತ ಕುಳಿತ. ಮರುದಿನ ಬೆಳಗ್ಗೆ ಗುಡ್ಡದ ಮೇಲೆ ಕ್ಯಾಮೆರಾವನ್ನು ಅವಳತ್ತ ತಿರುಗಿಸಿದ. ಒಂಡಿನಾ ಬುತ್ತಿ ಎತ್ತಿಕೊಂಡು, ಎಂದಿನಂತೆ, ತಾನಾಗಿಯೇ ಪಕ್ಕಕ್ಕೆ ಸರಿದು ನಿಂತಳು.